ಕೊಡಗಿನ ಮಳೆಗೆ ಡಯಾಬ್ಲೊ ರೊಸ್ಸೊನಾ, ಮಿಶೆಲಿನ್ ರೋಡ್ 5 ಆ?

ಕೆಟಿಎಂನ ಆರ್‌ಸಿ 390, ಡ್ಯೂಕ್ 390 ಬೈಕ್ ಓಡಿಸೋರಿಗೆ ಟೈರ್ ಅಳತೆ ಮುಂದೆ 110/70, ಹಿಂದೆ 150/60, ಎರಡೂ 17 ಇಂಚಿನ ಚಕ್ರಕ್ಕೆ. ಟೈರ್ ಸವೆದಾಗ ಕೊನೆಗೆ ಡಯಾಬ್ಲೊ ರೊಸ್ಸೊ, ರೋಡ್ 5 ಎಂಬ ಈ ಎರಡು ಟೈರ್‌ಗಳ ನಡುವೆಯೇ ತಲೆ ಕೆಡುತ್ತದೆ.

ಒಣ ರಸ್ತೆಯಲ್ಲಿ ಪಿರೆಲ್ಲಿ ಡಯಾಬ್ಲೊ ರೊಸ್ಸೊ ತುಂಬಾ ಚೆನ್ನಾಗಿದೆ. ಬೈಕ್ ಬೇಗ ವಾಲುತ್ತದೆ, ತಿರುವಿನಲ್ಲಿ ಹಿಡಿತ ಸಿಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಜೋರಾಗಿ ಓಡಿಸೋರಾದರೆ ಇದನ್ನೇ ಹಾಕಿಸಿ. ಆದರೆ ಬೇಗ ಸವೆಯುತ್ತದೆ.

ಕಕ್ಕಡ ತಿಂಗಳ (ಕೊಡವರ ಲೆಕ್ಕದಲ್ಲಿ ಜುಲೈ-ಆಗಸ್ಟ್‌ನ ಜೋರು ಮಳೆಗಾಲ) ಮಾತೇ ಬೇರೆ. ಸಂಪಾಜೆ ಘಾಟಿಯಲ್ಲಿ ರಸ್ತೆ ಒಣಗೋದೇ ಇಲ್ಲ, ಮರದ ನೆರಳಿನಲ್ಲಿ ಪಾಚಿ ಕಟ್ಟಿರುತ್ತದೆ, ತೋಟದಿಂದ ಹೊರಬಂದ ಟ್ರ್ಯಾಕ್ಟರ್ ತಿರುವಿನಲ್ಲೇ ಕೆಂಪು ಮಣ್ಣು ಉದುರಿಸಿ ಹೋಗಿರುತ್ತದೆ, ಅದರ ಮೇಲೆ ಸಿಲ್ವರ್ ಓಕ್ ಎಲೆ ಬೇರೆ. ಅಲ್ಲಿ ಟೈರ್ ಬಿಸಿಯಾಗೋಕೆ ಸಮಯವೆಲ್ಲಿ? ತಣ್ಣಗಿದ್ದಾಗಲೂ ಹಿಡಿಯೋ ರಬ್ಬರ್ ಬೇಕು. ರೋಡ್ 5 ಗೆಲ್ಲೋದು ಇಲ್ಲೇ. ಅದರ ಸಣ್ಣ ಸೀಳುಗಳು ಒಳಗೆ ಅಗಲವಾಗಿವೆ, ಹಾಗಾಗಿ ಟೈರ್ ಸವೆದರೂ ನೀರು ಹೊರಹಾಕುತ್ತವೆ. ಬಾಳಿಕೆಯೂ ಜಾಸ್ತಿ.

ಬಜೆಟ್ ಕಮ್ಮಿ ಇದ್ದರೆ ಅಪೊಲೊ ಆಲ್ಫಾ ಎಚ್1 ನೋಡಬಹುದು, ದಿನದ ಓಡಾಟಕ್ಕೆ ಸಾಕು.

ವರ್ಷಪೂರ್ತಿ ಮಡಿಕೇರಿ, ವಿರಾಜಪೇಟೆ ಅಂತ ಓಡಾಡೋರು ಸುಮ್ನೆ ರೋಡ್ 5 ಹಾಕಿಸಿ ಅಂತಲೇ ನಾನು ಹೇಳೋದು. ಅಂಗಡಿಯಲ್ಲಿ ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರೋ ನಾಲ್ಕು ಅಂಕಿ ಮಾತ್ರ ತಪ್ಪದೆ ಓದಿ: 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಆಗಿದ್ದರೆ ಬೇರೆ ಕೇಳಿ.