ಯೆಜ್ಡಿ ಸೈಲೆನ್ಸರ್ ಸೋರಿಕೆಗೆ ಸಿಲಿಕೋನ್, ಪೇಸ್ಟ್ ಮತ್ತು ತಾಮ್ರದ ರಿಂಗ್: ಒಂದು ಹೋಲಿಕೆ

ಎಂಜಿನ್ನಿನಿಂದ ಹೊಗೆಯನ್ನು ಒಯ್ಯುವ ಬೆಂಡ್ ಪೈಪು ಸೈಲೆನ್ಸರಿನೊಳಗೆ ಕೂರುವ ಜಾಗಕ್ಕೆ ತಾಮ್ರದ ಬಣ್ಣದ, ಹೆಚ್ಚು ಬಿಸಿ ತಡೆಯುವ ಸಿಲಿಕೋನ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅದನ್ನು ಮೊದಲ ಸಲ ಹಚ್ಚಿದಾಗ ಎರಡೇ ದಿನಕ್ಕೆ ಸಿಪ್ಪೆಯಂತೆ ಸುಲಿದು ಬಂದಿತ್ತು, ತಪ್ಪು ಸಿಲಿಕೋನಿನದಾಗಿರಲಿಲ್ಲ.

ನನ್ನ ಬೈಕು ಮೈಸೂರಿನಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದರಿಂದ ಸೋರುವ ಜಾಗಗಳೂ ಇಮ್ಮಡಿ. ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಸುಡದೆ ಉಳಿದ ಎಣ್ಣೆ ಮಸಿಯೊಡನೆ ಬೆರೆತು ಸಂದಿನಿಂದ ಜಿನುಗುತ್ತದೆ, ಕಚೇರಿ ತಲುಪುವಷ್ಟರಲ್ಲಿ ಪ್ಯಾಂಟಿನ ಅಂಚಿಗೆ ಅಂಟಿರುತ್ತದೆ.

ಮೊದಲು ತಂದದ್ದು ಎಕ್ಸಾಸ್ಟ್ ಪೇಸ್ಟ್. ಅದು 1000 ಡಿಗ್ರಿಯ ಬಿಸಿಗೂ ಜಗ್ಗುವುದಿಲ್ಲ, ಎಂಜಿನ್ ಕಾವಿಗೇ ಒಣಗಿ ಕಲ್ಲಾಗುತ್ತದೆ. ಕಲ್ಲಾಗುವುದೇ ಅದರ ದೋಷ: ಗಾಡಿಯ ನಡುಕಕ್ಕೂ ರಸ್ತೆಯ ಗುಂಡಿಗಳಿಗೂ ಬಿರುಕು ಬಿಟ್ಟು, ತಿಂಗಳೊಳಗೆ ಮತ್ತೆ ಸೋರತೊಡಗಿತು. ಸೈಲೆನ್ಸರ್ ಬಿಚ್ಚಲು ಸುತ್ತಿಗೆ ಹಿಡಿಯಬೇಕಾಯಿತು.

ಆಮೇಲೆ ಸಿಲಿಕೋನ್. ಎಣ್ಣೆ ಪಸೆ ಇರುವ ಲೋಹಕ್ಕೆ ಅದು ಅಂಟುವುದಿಲ್ಲವೆಂದು ತಿಳಿದಿದ್ದರಿಂದ ಮಸಿ ಕೆರೆದು, ಎಮರಿ ಪೇಪರಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ನಾಲ್ಕು ಬಾರಿ ಒರೆಸಿದೆ. ಲೋಹ ಫಳಫಳ ಹೊಳೆಯುತ್ತಿತ್ತು. ಹಾಗಿದ್ದೂ ಅದು ಏಕೆ ಸುಲಿದು ಬಂದಿತೆಂಬುದು ಒಂದು ವಾರ ತಲೆ ಕೆಡಿಸಿತು. ಟ್ಯೂಬು ಹಳೆಯದೆಂದು ಅಂಗಡಿಯವರ ಬಳಿ ತಕರಾರನ್ನೂ ಮಾಡಿ ಬಂದೆ.

ಮುಂದಿನ ಸಲ ಪೆಟ್ರೋಲ್ ತುಂಬಿಸಿ, ಎಂದಿನಂತೆ ಪೆಟ್ರೋಲಿಗೆ ಬೆರೆಸಬೇಕಾದ ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ, 2ಟಿ ಆಯಿಲನ್ನು ಅಳೆದು ಟ್ಯಾಂಕಿಗೆ ಸುರಿಯುವಾಗ ಕೈ ಅಲ್ಲೇ ನಿಂತಿತು. ಒರೆಸಲು ಪೆಟ್ರೋಲ್ ಹಿಡಿದದ್ದು ಇದೇ ಟ್ಯಾಂಕಿನ ನಳಿಕೆಯಿಂದ! ಪ್ರತಿ ಸಲ ಒರೆಸಿದಾಗಲೂ ಪೆಟ್ರೋಲ್ ಆರಿಹೋಗಿ, ಅದರಲ್ಲಿದ್ದ ಎಣ್ಣೆ ತೆಳ್ಳಗೆ ಲೋಹದ ಮೇಲೆ ಉಳಿದಿತ್ತು. ಆ ಹೊಳಪು ಶುಚಿಯದಲ್ಲ, ಎಣ್ಣೆಯದು. ಎರಡನೇ ಬಾರಿ ಥಿನ್ನರಿನಲ್ಲಿ ಒರೆಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಲಿಲ್ಲ. ಸಿಲಿಕೋನನ್ನು ಪೈಪಿನ ಹೊರಮೈಗೆ ತೆಳುವಾಗಿ ಸವರಿ, ತುದಿಯಲ್ಲಿ ಸ್ವಲ್ಪ ಜಾಗ ಬಿಟ್ಟು, ಸೈಲೆನ್ಸರಿನೊಳಗೆ ತೂರಿಸಿ ಕ್ಲ್ಯಾಂಪ್ ಬಿಗಿದೆ. ಎರಡು ಮಳೆಗಾಲ ಕಳೆದರೂ ಹನಿ ಜಿನುಗಿಲ್ಲ. ಒಣಗಿದ ಮೇಲೂ ರಬ್ಬರಿನಂತೆ ಮಣಿಯುವುದರಿಂದ ನಡುಕ ಅದನ್ನು ಒಡೆಯುವುದಿಲ್ಲ.

ಬೆಂಡ್ ಪೈಪು ಸೇರುವ ಸಿಲಿಂಡರಿನ ಬಾಯಿಗೆ ಮಾತ್ರ ಸಿಲಿಕೋನ್ ಬೇಡ. ಟ್ಯೂಬಿನ ಮೇಲೆ ನಮೂದಿಸಿರುವ 370 ಡಿಗ್ರಿಯೂ ಅಲ್ಪಕಾಲದ ಮಿತಿಯೇ. ಅಲ್ಲಿ ಹಚ್ಚಿ ನೋಡಿದ್ದು ಬೆಂದು ಬಿಳಿಪುಡಿಯಾಯಿತು. ಆ ಜಾಗಕ್ಕೆ ತಾಮ್ರದ ರಿಂಗೇ ಸರಿ. ಹಳೆಯ ರಿಂಗನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆದುವಾಗಿ ಮತ್ತೊಮ್ಮೆ ಚೆನ್ನಾಗಿ ಕೂರುತ್ತದೆ. ಪೈಪನ್ನು ಅಲ್ಲಿ ಹಿಡಿದಿಡುವ ನಟ್ಟನ್ನು, ಕೊಕ್ಕೆಯಂತೆ ಬಾಗಿದ ಸಿ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಉಳಿ ಇಟ್ಟು ಬಡಿಯುವ ಮೆಕ್ಯಾನಿಕ್‌ಗಳ ಕೈಗೆ ನಾನು ಗಾಡಿ ಕೊಡುವುದಿಲ್ಲ.

ದಿನವೂ ಒಂದೇ ಗಾಡಿಯನ್ನು ನಂಬಿರುವವರಿಗೆ ಸಿಲಿಕೋನ್ ಗಟ್ಟಿಯಾಗಲು ಬೇಕಾದ 24 ಗಂಟೆ ದೊಡ್ಡ ತೊಡಕು; ಅಂಥವರಿಗೆ ಪೇಸ್ಟೇ ಅನುಕೂಲವೆನಿಸಬಹುದು. ನನಗೆ ಭಾನುವಾರ ಮನೆ ಬಿಟ್ಟು ಹೊರಡುವ ಅಭ್ಯಾಸವಿಲ್ಲ. ಶನಿವಾರ ಸಂಜೆ ಹಚ್ಚಿ, ಸೋಮವಾರ ಬೆಳಿಗ್ಗೆಯೇ ಕಿಕ್ ಹೊಡೆಯುತ್ತೇನೆ.