ಕಿಡ್ನಿ ಕ್ಯಾನ್ಸರ್ ಕಣ್ಣಿಗೆ ಹರಡಿದ್ದನ್ನ ಹಿಡಿದ ಕಣ್ಣಾಸ್ಪತ್ರೆ, 5 ಸ್ಟಾರ್

ನಮ್ಮಪ್ಪಂಗೆ ಎಷ್ಟೋ ವರ್ಷದ ಹಿಂದೆ ಕ್ಯಾನ್ಸರ್ ಅಂತ ಒಂದು ಕಿಡ್ನಿ ತೆಗೆಸಿದ್ವಿ, ಆಮೇಲೆ ಗಟ್ಟಿಮುಟ್ಟಾಗೇ ಇದ್ರು, ಈಗ ಎಡಗಣ್ಣು ಮಂಜು, ಪೇಪರ್ ಓದೋವಾಗ ಸಾಲಿನ ಮಧ್ಯದಲ್ಲೇ ನೆರಳು ಕೂತಂಗಿದೆ ಅಂದ್ರು. ನೋವಿಲ್ಲ, ಕೆಂಪಿಲ್ಲ. ಮೊದಲು ತೋರಿಸಿದ ಕಡೆ ವಯಸ್ಸಾಯ್ತಲ್ಲ, ಪೊರೆ ಅಂತ ಕನ್ನಡಕ ಬದಲಾಯಿಸಿ ಕಳಿಸಿಬಿಟ್ರು.

ಇಲ್ಲಿ ರೆಟಿನಾ (ಕಣ್ಣೊಳಗೆ ಹಿಂಬದಿಯ ಪರದೆ) ಡಾಕ್ಟರ್ ಡ್ರಾಪ್ಸ್ ಹಾಕಿಸಿ ಒಳಗೆ ನೋಡಿದವ್ರೇ ಕೇಳಿದ ಮೊದಲನೇ ಪ್ರಶ್ನೆ, ಹಿಂದೆ ಯಾವ್ದಾದ್ರೂ ಗಡ್ಡೆ ಆಪರೇಷನ್ ಆಗಿತ್ತಾ ಅಂತ. ಆ ಒಂದು ಪ್ರಶ್ನೆಗೇ ನಾನು ಪೂರ್ತಿ ಸ್ಟಾರ್ ಕೊಡ್ತೀನಿ. ರೆಟಿನಾ ಹಿಂದೆ ಕೋರಾಯ್ಡ್ ಅಂತ ರಕ್ತನಾಳಗಳೇ ತುಂಬಿರೋ ಪದರ ಇದ್ಯಂತೆ, ರಕ್ತದಲ್ಲಿ ಬಂದ ಕ್ಯಾನ್ಸರ್ ಕಣ ಬೇರೂರೋದು ಹೆಚ್ಚಾಗಿ ಅಲ್ಲೇ, ಸ್ತನ ಮತ್ತೆ ಶ್ವಾಸಕೋಶದ್ದೇ ಜಾಸ್ತಿ, ಕಿಡ್ನಿದು ಅಪರೂಪ, ಆದ್ರೆ ಕಿಡ್ನಿ ತೆಗೆದು 10 ವರ್ಷ ದಾಟಿದ್ಮೇಲೂ ಬರಬಹುದು ಅಂತ ನಿಧಾನವಾಗಿ ಬಿಡಿಸಿ ಹೇಳಿದ್ರು. ಫೋಟೋದಲ್ಲಿ ಕಿತ್ತಳೆ ಬಣ್ಣದ ಉಬ್ಬು ತೋರಿಸಿದ್ರು. ಸ್ತನ, ಶ್ವಾಸಕೋಶದಿಂದ ಬಂದಿದ್ದು ಸಾಮಾನ್ಯವಾಗಿ ಹಳದಿ ಇರುತ್ತಂತೆ. ಮುಚ್ಚಿದ ರೆಪ್ಪೆ ಮೇಲೆ ಜೆಲ್ ಹಚ್ಚಿ ಬಿ ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿದ ಹುಡುಗಿ "ತಾತ, ಮೂಗಿನ ಕಡೆ ನೋಡಿ, ಈಗ ಮೇಲೆ ನೋಡಿ" ಅಂತ ಒಂದು ಚೂರೂ ಗಡಿಬಿಡಿ ಮಾಡ್ಲಿಲ್ಲ. ಒಸಿಟಿ ಅಂತ ಬೆಳಕಿಂದ ರೆಟಿನಾ ಪದರ ತೋರಿಸೋ ಸ್ಕ್ಯಾನಲ್ಲಿ ರೆಟಿನಾ ಕೆಳಗೆ ನೀರು ತುಂಬಿರೋದು ಕಾಣಿಸ್ತು. ಚೆನ್ನಾಗಿರೋ ಕಣ್ಣನ್ನೂ ಅಷ್ಟೇ ಗಮನ ಕೊಟ್ಟು ನೋಡಿದ್ರು.

ಇನ್ನೊಂದು ನಂಗೆ ತುಂಬಾ ಹಿಡಿಸಿದ್ದು, ಬರೀ ಕಣ್ಣು ನೋಡಿ ಸುಮ್ನಾಗ್ಲಿಲ್ಲ, ಅವತ್ತೇ ಕ್ಯಾನ್ಸರ್ ಡಾಕ್ಟ್ರಿಗೆ ಫೋನ್ ಮಾಡಿ ಎದೆ, ಹೊಟ್ಟೆ ಸಿಟಿ, ತಲೆ ಎಂಆರ್‌ಐ ಬರೆಸಿದ್ರು. ಸಣ್ಣ ಒಂದೇ ಗಡ್ಡೆ ಆದ್ರೆ ಕಣ್ಣಿನ ಗೋಡೆಗೆ ರುಥೇನಿಯಂ ಪ್ಲಾಕ್ ಅಂತ ರೇಡಿಯೇಷನ್ ಕೊಡೋ ಪುಟ್ಟ ಬಿಲ್ಲೆ ಹೊಲಿದು ಕೆಲವು ದಿನ ಬಿಟ್ಟು ತೆಗೀತಾರೆ, ಆ ಬಿಲ್ಲೆನ ಈಗ ನಮ್ಮ ದೇಶದ ಅಣು ಸಂಶೋಧನಾ ಕೇಂದ್ರ ಬಾರ್ಕ್‌ನವ್ರೇ ಮಾಡ್ತಾರೆ. ಅಪ್ಪಂದು ಕಣ್ಣಿನ ನರದ ಹತ್ತಿರ ಅಗಲವಾಗಿ ಹರಡಿತ್ತು, ಹಾಗಾಗಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತಲೆ ಅಲುಗಾಡದಂಗೆ ಮಾಸ್ಕ್ ಹಾಕಿ ಹೊರಗಿಂದ ರೇಡಿಯೇಷನ್, ಜೊತೆಗೆ ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿ ಎಬ್ಬಿಸೋ ನಿವೊಲುಮಾಬ್ ಇಂಜೆಕ್ಷನ್, ಗಡ್ಡೆ ಬೆಳೆಯೋದನ್ನ ತಡೆಯೋ ಕ್ಯಾಬೊಜಾಂಟಿನಿಬ್ ಮಾತ್ರೆ. ಮಾತ್ರೆಯಿಂದ ಬಿಪಿ ಏರ್ತು, ಅಂಗೈ ಅಂಗಾಲು ಸುಲಿದು ಉರಿ, ಡೋಸ್ ಇಳಿಸಿದ್ಮೇಲೆ ತಡ್ಕೊಂಡ್ರು. ನೀರು ಇಳಿದಿದೆ, ಹೆಡ್‌ಲೈನ್ ಓದ್ತಾರೆ, ಸಣ್ಣ ಅಕ್ಷರ ಆಗಲ್ಲ. ರೇಡಿಯೇಷನ್‌ನಿಂದ ಮುಂದೆ ಪೊರೆ, ರೆಟಿನಾ ತೊಂದ್ರೆ ಬರಬಹುದು, ಚೆಕಪ್ ತಪ್ಪಿಸಬೇಡಿ ಅಂತ ಮೊದ್ಲೇ ಹೇಳಿದ್ದಾರೆ.

ಕಾಯೋದು ಮಾತ್ರ ವಿಪರೀತ, ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಆಗುತ್ತೆ, ಬಿಲ್ಲಿಂಗ್ ಕೌಂಟರ್ ಇನ್ನೊಂದು ಬೇಕೇ ಬೇಕು. ಹೋಗೋರು ಹಳೇ ಬಯಾಪ್ಸಿ ರಿಪೋರ್ಟು, ಸ್ಕ್ಯಾನ್ ಸಿಡಿ ಎಲ್ಲಾ ತಗೊಂಡೋಗಿ, ಡ್ರಾಪ್ಸ್ ಹಾಕಿದ್ಮೇಲೆ ಗಾಡಿ ಓಡಿಸೋಕಾಗಲ್ಲ, ಜೊತೆಗೊಬ್ರು ಇರ್ಲಿ.