‘ಕಜಾರ್ ಕಾಲದ ಟೈಲ್’ ಎಂದು ಮಾರುತ್ತಾರೆ, ಫ್ರೇಮ್ ಬಿಚ್ಚಿಸದೆ ಹಣ ಕೊಡಬೇಡಿ

ದುಬೈನ ಒಂದು ಅಂಗಡಿಯಲ್ಲಿ ‘ಇರಾನಿನ ಕಜಾರ್ ಕಾಲದ್ದು, 150 ವರ್ಷ ಹಳೆಯದು’ ಎಂದು ಹೇಳಿ ನನಗೆ ಒಂದು ಟೈಲ್ ಮಾರಿದರು. ಕಡುನೀಲಿ ಹಿನ್ನೆಲೆ, ಉಬ್ಬಿದ ಕುದುರೆ, ಕೈ ಮೇಲೆ ಗಿಡುಗ ಕೂರಿಸಿಕೊಂಡ ಸವಾರ. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಬೆಲೆ. ಜೊತೆಗೆ ಸೀಲು ಒತ್ತಿದ ಸರ್ಟಿಫಿಕೇಟ್. ಅದು ಹೊಸ ಟೈಲ್. ಹಣ ವಾಪಸ್ ಬರಲಿಲ್ಲ.

ಕಜಾರ್ ದೊರೆಗಳು ಆಳಿದ್ದು 1789ರಿಂದ 1925ರವರೆಗೆ. ಆ ಕಾಲದ ಟೈಲ್‌ಗಳು ಟೆಹ್ರಾನಿನ ಗೊಲೆಸ್ತಾನ್ ಅರಮನೆಯಲ್ಲಿ ಈಗಲೂ ಇವೆ. ಅಂಗಡಿಯವರು ಕುಂಚದ ಗೆರೆ ತೋರಿಸಿ ‘ನೋಡಿ, ಕೈಯಲ್ಲೇ ಬರೆದದ್ದು’ ಅಂತಾರೆ. ಅದು ನಿಜವೇ. ಆದರೆ ಇರಾನಿನ ಇಸ್ಫಹಾನ್ ಊರಿನಲ್ಲಿ ಇವತ್ತಿಗೂ ಕೈಯಲ್ಲೇ ಬರೆಯುತ್ತಾರೆ, ಅಲ್ವಾ? ಆ ಕೆಲಸಗಾರರ ಮೇಲೆ ನನಗೆ ತುಂಬಾ ಗೌರವ. ನಡುವೆ ಬಂದವರು ಅವರ ಕೆಲಸಕ್ಕೆ ಸುಳ್ಳು ವಯಸ್ಸು ಬಳಿಯುತ್ತಾರೆ.

ಬಳಿಯುವುದು ಹೇಗೆಂದು ಮನೆಯಲ್ಲಿ ಕಣ್ಣಾರೆ ಕಂಡೆ. ಕೂದಲೆಳೆಯ ಬಿರುಕುಗಳ ಮೇಲೆ ಒದ್ದೆ ಹತ್ತಿ ಉಜ್ಜಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಬಿರುಕಿನಲ್ಲಿದ್ದ ಕೊಳೆಯೆಲ್ಲ ಬಂದುಬಿಟ್ಟಿತು. ‘ಬಿಚ್ಚಿದರೆ ಒಡೆಯುತ್ತೆ’ ಎಂದು ಹಿಂದೆ ಹಲಗೆ ಇಟ್ಟು ಮೊಳೆ ಹೊಡೆದುಕೊಟ್ಟಿದ್ದರು. ಅದನ್ನೂ ತೆಗೆಸಿದೆ. ಗೋಡೆಯಿಂದ ಕಿತ್ತಂತೆ ಕಾಣಲಿ ಎಂದು ಗಾರೆ ಮೆತ್ತಿದ್ದರು. ನೀರು ಸೋಕಿದ ಕೂಡಲೇ ಕಳಚಿಕೊಂಡಿತು. ಕೆಳಗೆ ಒಂದು ಕಲೆಯೂ ಇಲ್ಲದ ಕೆಂಪು ಜೇಡಿಮಣ್ಣು! ಕಜಾರ್ ಕಾಲದ ಇಂಥ ಉಬ್ಬು ಟೈಲ್‌ಗಳ ಒಡಲು ಬಿಳಿಚು ಬಣ್ಣದ್ದು. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಬಿಳಿ ಜೇಡಿ ಸೇರಿಸಿ ಮಾಡುತ್ತಿದ್ದರು. ಮುರಿದ ಕಡೆ ಸಕ್ಕರೆಯ ಹಾಗೆ ಹರಳುಹರಳಾಗಿರುತ್ತದೆ.

ಹಾಗಾಗಿ ಅಂಗಡಿಯಲ್ಲೇ ಫ್ರೇಮ್ ಬಿಚ್ಚಿಸಿ. ಹಿಂಭಾಗ, ನಾಲ್ಕೂ ಅಂಚು ನೋಡಿ. ಬಿಚ್ಚಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಸವೆತ ಎಲ್ಲ ಕಡೆ ಒಂದೇ ಸಮ ಇದ್ದರೂ ಅನುಮಾನ ಪಡಿ. ಹಳೇ ಟೈಲ್ ಹೇಗೆ ಸವೆಯುತ್ತದೆ ಎಂದು ತಿಳಿಯಬೇಕಾದರೆ ಬೀದರಿಗೆ ಹೋಗಿ. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಒಂದು ಕಡೆ ನೀಲಿ ಇನ್ನೂ ಹೊಳೆಯುತ್ತಿದೆ, ಪಕ್ಕದಲ್ಲೇ ಪೂರ್ತಿ ಉದುರಿದೆ.

ಬಿಲ್ಲಿನಲ್ಲಿ ಕಾಲ ಬರೆಸಿ. ನಕಲಿಯಾದರೆ ಹಣ ವಾಪಸ್ ಎಂದೂ ಬರೆಸಿ. ನನ್ನ ಬಿಲ್ಲಿನಲ್ಲಿದ್ದದ್ದು ‘ಅಲಂಕಾರದ ಟೈಲ್’ ಅಷ್ಟೇ. ಸರ್ಟಿಫಿಕೇಟ್ ಬರೆದವರೂ ಅಂಗಡಿಯವರೇ.

ಇನ್ನೊಂದು ಮಾತು. ‘ಹಳೇ ದರ್ಗಾದ ಗೋಡೆಯದ್ದು’ ಎಂದು ನಕ್ಷತ್ರದಾಕಾರದ ಟೈಲ್ ತೋರಿಸಿದರೆ, ಅಸಲಿಯಾದರೂ ಬೇಡ. ಇರಾನಿನ ವರಾಮಿನ್ ಊರಿನ ಇಮಾಮ್‌ಜಾದೆ ಯಹ್ಯಾ ಎಂಬ ದರ್ಗಾದಲ್ಲಿದ್ದ 13ನೇ ಶತಮಾನದ ಟೈಲ್‌ಗಳನ್ನು 19ನೇ ಶತಮಾನದಲ್ಲಿ ಹೀಗೇ ಕಿತ್ತರು. ಈಗ ಅವು ದೇಶ ದೇಶದ ಮ್ಯೂಸಿಯಂಗಳಲ್ಲಿ ಹರಿದು ಹಂಚಿಹೋಗಿವೆ. ಎಲ್ಲಿಂದ, ಯಾವಾಗ, ಯಾರ ಕೈ ದಾಟಿ ಬಂತು ಎಂಬ ಕಾಗದ ಇಲ್ಲದಿದ್ದರೆ ಅಂಥದ್ದನ್ನು ಮುಟ್ಟಲೇಬೇಡಿ.